ಇಂಗ್ಲೆಂಡಿನ ಗಡಿಯಾರ ತೆರಿಗೆ: ಒಂದು ಹೆಸರಿನ ವಿಚಾರ

ಕ್ರಿ.ಶ. ೧೬೫೬ರಲ್ಲಿ ಹೈಗೆನ್ಸನು ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದನು. ೧೬೭೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಲಂಗರಿನಾಕಾರದ ತಡೆಗೊಂಡಿಯು ಅದರ ತೂಗಾಟವನ್ನು ಕಿರಿದುಗೊಳಿಸಿತು. ಒಂದೊಂದು ಬೀಸಿಗೆ ಒಂದೊಂದು ಸೆಕೆಂಡನ್ನೆಣಿಸುವ, ಸುಮಾರು ೩೯ ಅಂಗುಲದ ಲೋಲಕವು ಇಕ್ಕಟ್ಟಾದ ಮರದ ಪೆಟ್ಟಿಗೆಯಲ್ಲಿ ಅಡಗುವಂತಾದುದು ಇದರಿಂದಲೇ. ಆಳೆತ್ತರದ ಈ ನಿಲುಗಡಿಯಾರವು ಹದಿನೆಂಟನೆಯ ಶತಮಾನದಲ್ಲಿ ಅನುಕೂಲಸ್ಥ ರೈತರ ಮನೆಗಳನ್ನೂ ಸೇರಿತು.

ಫ್ರಾನ್ಸಿನೊಡನೆ ನಡೆದಿದ್ದ ಯುದ್ಧಕ್ಕಾಗಿ ಹಣವನ್ನರಸುತ್ತಿದ್ದ ಪ್ರಧಾನಿ ಪಿಟ್ಟನ ದೃಷ್ಟಿ ೧೭೯೭ರಲ್ಲಿ ಇದರ ಮೇಲೆ ಬಿದ್ದಿತು. ಗಡಿಯಾರವೊಂದಕ್ಕೆ ವರ್ಷಕ್ಕೆ ೫ ಷಿಲಿಂಗ್, ಚಿನ್ನದ ಜೇಬುಗಡಿಯಾರಕ್ಕೆ ೧೦, ಬೆಳ್ಳಿಯದಕ್ಕೆ ಎರಡೂವರೆ. ಬೇಡಿಕೆ ಕುಸಿಯಿತು, ಗಾಲಿಗೆ ಹಲ್ಲು ಕೊರೆಯುವವರೂ ಪೆಟ್ಟಿಗೆ ಕಟ್ಟುವ ಬಡಗಿಗಳೂ ಕೆಲಸವಿಲ್ಲದೆ ಕುಳಿತರು. ಕುಶಲಕರ್ಮಿಗಳ ಮೊರೆಗೆ ಮಣಿದ ಪಾರ್ಲಿಮೆಂಟು ವರ್ಷ ತುಂಬುವ ಮೊದಲೇ, ೧೭೯೮ರಲ್ಲಿ, ತೆರಿಗೆಯನ್ನು ರದ್ದುಮಾಡಿತು.

ಪಾನಗೃಹಗಳ ಗೋಡೆಯಲ್ಲಿದ್ದ ಅಗಲಮುಖದ ಗಡಿಯಾರಗಳಿಗೆ 'ಪಾರ್ಲಿಮೆಂಟು ಶಾಸನದ ಗಡಿಯಾರ'ಗಳೆಂದು ಹೆಸರು. ಜನರು ತಮ್ಮ ಗಡಿಯಾರಗಳನ್ನು ಬಚ್ಚಿಟ್ಟುದರಿಂದ ಇವು ಹುಟ್ಟಿದುವೆಂದು ಕಥೆ. ಆದರೆ ಇಂಥವು ಆ ಶಾಸನಕ್ಕೆ ಹಲವು ದಶಕಗಳ ಹಿಂದೆಯೇ ಇದ್ದುವು! ಹೆಸರನ್ನೇ ಪ್ರಮಾಣವೆಂದು ಹಿಡಿಯುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಪಠ್ಯಪುಸ್ತಕ ಬರೆಯುವವರಲ್ಲಿಯೂ ಉಂಟು. ನಿಲುಗಡಿಯಾರವನ್ನು 'ಅಜ್ಜನ ಗಡಿಯಾರ'ವೆನ್ನುವ ರೂಢಿಯೂ ಪುರಾತನವಲ್ಲ. ಅದನ್ನು ಹರಡಿದುದು ೧೮೭೬ರ ಒಂದು ಅಮೆರಿಕನ್ ಹಾಡು.