ಮೂರು ದಿನದ ರಕ್ತ

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸು, ರಿಲೀಸು ಅಂತ ನೆಪಗಳೆಲ್ಲ ಇವೆ, ಇರ್ಲಿ ಬಿಡಿ. ಇವತ್ತು ಬರೀಬೇಕು ಅನ್ಸಿದ್ದು ರಕ್ತದ ಸ್ಯಾಂಪಲ್ಲಿನ ಮೇಲಿರೋ ಒಂದು ದಿನಾಂಕದ ಬಗ್ಗೆ.

ಅಕ್ಕನನ್ನ ಕೊಟ್ಟಿದ್ದು ಹೊಸನಗರದ ಕಡೆ. ಎರಡನೇ ಹೆರಿಗೆಗೆ ಇನ್ನೂ ಒಂದು ತಿಂಗಳಿರುವಾಗ ರಕ್ತ ಕಡಿಮೆ ಆಗಿದೆ ಅಂತ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಒಂದು ಚೀಲ ರಕ್ತ ಕೊಟ್ರು. ಐದನೇ ದಿನಕ್ಕೆ ಇನ್ನೊಂದು ಬೇಕಾಯ್ತು. ಭಾವನ ಫೋನು.

"ಅಲ್ಲ ಮಾರಾಯ, ಮೊನ್ನೆ ತೆಗೆದ ರಕ್ತ ಅವರ ಫ್ರಿಜ್ಜಲ್ಲೇ ಇದ್ಯಂತೆ. ಆದ್ರೂ ಮತ್ತೆ ಚುಚ್ಚಿ ತೆಗೀಬೇಕು ಅಂತಾರೆ. ನೀನು ಲ್ಯಾಬಿನ ಸಾಫ್ಟ್‌ವೇರ್ ಬರೆಯೋನಲ್ವಾ, ಇದೆಂತಕ್ಕೆ ಹೇಳು?"

"ಬಿಲ್ ಮಾಡಕ್ಕೆ ಭಾವ, ಮತ್ತೆಂತಕ್ಕೆ!" ಅಂದೆ.

ಅದೆಂಥಾ ದಡ್ಡ ಉತ್ತರ ಅಂತ ಗೊತ್ತಾಗಿದ್ದು ಸಂಜೆಗೆ. ಐದು ದಿನದ ಹಿಂದೆ ಕಾಣದಿದ್ದ ಒಂದು ಪ್ರತಿಕಾಯ ಹೊಸ ಸ್ಯಾಂಪಲ್ಲಿನಲ್ಲಿ ಸಿಕ್ಕಿತ್ತು. ಅದೇ ಗುಂಪಿನ ಮೂರು ಚೀಲ ಹೊಂದಲಿಲ್ಲ, ನಾಲ್ಕನೆಯದು ಹೊಂದಿತು. ಫ್ರಿಜ್ಜಲ್ಲಿದ್ದ ಹಳೇ ಸ್ಯಾಂಪಲ್ಲನ್ನೇ ನಂಬಿದ್ದರೆ ಆ ಮೂರೂ ಚೀಲ ಹೊಂದುತ್ತೆ ಅಂತಲೇ ಬರ್ತಿತ್ತು.

ಅವತ್ತಿನಿಂದ ಈ ದಿನಾಂಕದ ಚರಿತ್ರೆ ಓದಕ್ಕೆ ಕೂತೆ.

ರಕ್ತದ ಗುಂಪುಗಳನ್ನ ಲ್ಯಾಂಡ್‌ಸ್ಟೈನರ್ ಪ್ರಕಟಿಸಿದ್ದು 1901ರಲ್ಲಿ. ಆಗ ರಕ್ತ ಕೊಡೋರು, ತಗೊಳ್ಳೋರು ಅಕ್ಕಪಕ್ಕದಲ್ಲೇ ಇರಬೇಕಿತ್ತು, ಯಾಕಂದ್ರೆ ರಕ್ತ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತೆ. 1914-15ರ ಹೊತ್ತಿಗೆ ಸೋಡಿಯಂ ಸಿಟ್ರೇಟ್ ಹಾಕಿದ್ರೆ ಹೆಪ್ಪುಗಟ್ಟಲ್ಲ ಅಂತ ತೋರಿಸಿದ್ರು. 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ಡಾ. ಬರ್ನಾರ್ಡ್ ಫ್ಯಾಂಟಸ್ ರಕ್ತ ಕೂಡಿಡೋ ಜಾಗಕ್ಕೆ 'ಬ್ಲಡ್ ಬ್ಯಾಂಕ್' ಅಂತ ಹೆಸರಿಟ್ಟರು. 1943ರಲ್ಲಿ ಬ್ರಿಟನ್ನಿನ ಲೌಟಿಟ್ ಮತ್ತು ಮಾಲಿಸನ್ ಸಿಟ್ರೇಟಿನ ಜೊತೆ ಡೆಕ್ಸ್‌ಟ್ರೋಸ್ ಸೇರಿಸಿದ ದ್ರಾವಣ ಮಾಡಿದ ಮೇಲೆ ರಕ್ತ 21 ದಿನ ಬಾಳತೊಡಗಿತು. ಮುಂದೆ ಅದು 35 ಆಯ್ತು, 42 ಆಯ್ತು.

ಇದು ಚೀಲದ ಎಕ್ಸ್‌ಪೈರಿ. ಹಾಲಿನ ಪ್ಯಾಕೆಟ್ಟಿನ ಹಾಗೆ, ಅರ್ಥ ಮಾಡ್ಕೊಳ್ಳೋದು ಸುಲಭ. ಸ್ಯಾಂಪಲ್ಲಿನ ಎಕ್ಸ್‌ಪೈರಿಯ ಕಥೆಯೇ ಬೇರೆ.

1939ರಲ್ಲಿ ನ್ಯೂಯಾರ್ಕಿನ ಲೆವಿನ್ ಮತ್ತು ಸ್ಟೆಟ್ಸನ್ ಒಬ್ಬ ಹೆಂಗಸಿನ ಬಗ್ಗೆ ಬರೆದರು. ಹೊಟ್ಟೆಯಲ್ಲೇ ಮಗು ತೀರಿಕೊಂಡಿತ್ತು. ಆಕೆಗೆ ಗಂಡನ ರಕ್ತ ಕೊಟ್ಟರು. ಇಬ್ಬರದ್ದೂ ಓ ಗುಂಪು. ಆದರೂ ಆಕೆಯ ಮೈ ಅದನ್ನ ತಿರಸ್ಕರಿಸಿತು. ಮಗುವಿಗೆ ತಂದೆಯಿಂದ ಬಂದ ಏನೋ ಒಂದು ತಾಯಿಯ ರಕ್ತಕ್ಕೆ ಸೇರಿ, ಅವಳ ಮೈ ಅದರ ವಿರುದ್ಧ ಪ್ರತಿಕಾಯ ಮಾಡಿಕೊಂಡಿತ್ತು. ಇವತ್ತು ನಾವು ಆರ್‌ಎಚ್ ಅನ್ನೋದು ಅದನ್ನೇ. ಅಂದ್ರೆ ಬಸಿರು, ಬೇರೆಯವರ ರಕ್ತ, ಇವೆರಡೂ ಮನುಷ್ಯನ ರಕ್ತವನ್ನೇ ಬದಲಾಯಿಸಬಲ್ಲವು.

ಮೂರು ದಿನದ ನಿಯಮ ನಿಂತಿರೋದು ಇದರ ಮೇಲೆ. ಕಳೆದ ಮೂರು ತಿಂಗಳಲ್ಲಿ ರಕ್ತ ತಗೊಂಡಿದ್ರೆ ಅಥವಾ ಬಸಿರಾಗಿದ್ರೆ, ಹೊಂದಾಣಿಕೆ ನೋಡೋ ಸ್ಯಾಂಪಲ್ಲು ಮೂರು ದಿನಕ್ಕಿಂತ ಹಳೇದಾಗಿರಬಾರದು. ಅಮೆರಿಕದ ಲೆಕ್ಕದಲ್ಲಿ ತೆಗೆದ ದಿನ ಸೊನ್ನೆ. ಸೋಮವಾರ ತೆಗೆದದ್ದು ಗುರುವಾರ ಮಧ್ಯರಾತ್ರಿವರೆಗೆ ನಡೆಯುತ್ತೆ. ಬ್ರಿಟನ್ನಿನವರು 72 ಗಂಟೆ ಎಣಿಸ್ತಾರೆ. ಹಾಗಂತ ಹಳೇದನ್ನ ಎಸೆಯೋ ಹಾಗಿಲ್ಲ. ರಕ್ತ ಕೊಟ್ಟ ಮೇಲೆ 7 ದಿನ ಇಟ್ಟಿರಲೇಬೇಕು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಿರುಗಿ ನೋಡಕ್ಕೆ. ಭಾವ ಕೇಳಿದ ಫ್ರಿಜ್ಜಿನ ಸ್ಯಾಂಪಲ್ಲು ಅದು! ಕೆಟ್ಟಿರಲಿಲ್ಲ. ಆದ್ರೆ ಅದು ಐದು ದಿನದ ಹಿಂದಿನ ಅಕ್ಕನ ಫೋಟೋ. ಅಷ್ಟರಲ್ಲಿ ಅಕ್ಕನೇ ಬದಲಾಗಿದ್ದಳು.

ಈಗ ನನ್ನ ತಪ್ಪಿಗೆ ಬರ್ತೀನಿ. ಕಂಪ್ಯೂಟರಿನಲ್ಲಿ ಈ ನಿಯಮ ಅಂದ್ರೆ ಒಂದು ಕಾಲಮ್ಮು, ಎರಡು ಸಾಲು ಕೋಡು. ನಾನು ಬರೆದ ಕೋಡು ಎಣಿಕೆ ಶುರು ಮಾಡ್ತಿದ್ದದ್ದು ಲ್ಯಾಬಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಆದ ಹೊತ್ತಿನಿಂದ. ಬೆಂಗಳೂರಿನ ಒಂದೇ ಕಟ್ಟಡದಲ್ಲಿ ವಾರ್ಡೂ ಲ್ಯಾಬೂ ಇದ್ರೆ ಇದರಿಂದ ವ್ಯತ್ಯಾಸ ಕಾಣಲ್ಲ. ಆದ್ರೆ ತೀರ್ಥಹಳ್ಳಿಯಲ್ಲಿ ಸೋಮವಾರ ರಾತ್ರಿ ತೆಗೆದ ರಕ್ತ ಮಂಗಳವಾರ ಬೆಳಿಗ್ಗೆ ಶಿವಮೊಗ್ಗ ಮುಟ್ಟಿದ್ರೆ? ನನ್ನ ಪ್ರೋಗ್ರಾಮು ಅದಕ್ಕೆ ಇಡೀ ಒಂದು ದಿನ ಪುಕ್ಕಟೆ ಆಯಸ್ಸು ಕೊಡ್ತಿತ್ತು. ಪುಣ್ಯಕ್ಕೆ ಯಾವ ಆಸ್ಪತ್ರೆಗೂ ಹೋಗೋ ಮೊದಲೇ ಟೆಸ್ಟಿಂಗಿನಲ್ಲಿ ಸಿಕ್ಕಿಬಿತ್ತು.

ಮಲೆನಾಡಿನವನಾಗಿ ಇದು ನನಗೆ ಹೊಳೀಬೇಕಿತ್ತು. ನಮ್ಮ ಕಡೆ ರಕ್ತ ಯಾವಾಗಲೂ ಪ್ರಯಾಣ ಮಾಡಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಾಗ ವೈರಸ್ಸನ್ನ ಗುರುತಿಸಿದ್ದು ದೂರದ ಪುಣೆಯ ವೈರಸ್ ಸಂಶೋಧನಾ ಕೇಂದ್ರ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದೇ ಕಾಯಿಲೆಗೆ ಜನ ಸತ್ತಾಗಲೂ ಸ್ಯಾಂಪಲ್ಲುಗಳು ಘಟ್ಟದ ರಸ್ತೆಯಲ್ಲಿ ಓಡಾಡಿದವು. ತೆಗೆದ ಹೊತ್ತು ಬೇರೆ, ಮುಟ್ಟಿದ ಹೊತ್ತು ಬೇರೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಪ್ರತಿಕಾಯಗಳು ಕೆಲವು ವರ್ಷಕ್ಕೆ ಇಳಿದು, ಪರೀಕ್ಷೆಗೂ ಸಿಗದ ಹಾಗೆ ಆಗಬಹುದು. ಆಮೇಲೆ ಅದೇ ಥರದ ರಕ್ತ ಬಿದ್ದರೆ ಮೈಗೆ ಥಟ್ಟನೆ ನೆನಪಾಗುತ್ತೆ. ಬಹುಶಃ ಅಕ್ಕನಿಗೂ ಮೊದಲ ಹೆರಿಗೆಯ ನೆನಪೇ ತಿರುಗಿ ಬಂದದ್ದು. ಹಾಗಾಗಿ ಸ್ಯಾಂಪಲ್ಲಿಗೆ ಮೂರೇ ದಿನ ಆಯಸ್ಸಾದ್ರೂ, ಪ್ರತಿಕಾಯ ಸಿಕ್ಕಿತ್ತು ಅನ್ನೋ ದಾಖಲೆಗೆ ಎಕ್ಸ್‌ಪೈರಿ ಇರಲೇಬಾರದು. 2016ರಲ್ಲಿ ಬಂದ ಇ-ರಕ್ತಕೋಶದಲ್ಲಿ ಯಾವ ಬ್ಯಾಂಕಿನಲ್ಲಿ ಎಷ್ಟು ಚೀಲ ಇದೆ ಅಂತ ಮನೆಯಲ್ಲೇ ನೋಡಬಹುದು. ಆದ್ರೆ ಒಂದು ಆಸ್ಪತ್ರೆಯ ಕಂಪ್ಯೂಟರಿಗೆ ಗೊತ್ತಿರೋ ಅಕ್ಕನ ಗುಟ್ಟು ಇನ್ನೊಂದಕ್ಕೆ ತಾನಾಗೇ ಗೊತ್ತಾಗುತ್ತೆ ಅಂತ ನಂಬಿ ಕೂರಕ್ಕಾಗಲ್ಲ.

ಅದಕ್ಕೇ ಲ್ಯಾಬಿನವರು ಬರೆದುಕೊಟ್ಟ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಅಕ್ಕನ ಪರ್ಸಿನಲ್ಲಿ ಇಟ್ಟಿದೀನಿ. ಮಗಳಿಗೆ ಈಗ ಐದು ತಿಂಗಳು, ಭಾವನ ಮೀಸೆ ಎಳೆಯೋದೇ ಕೆಲಸ. ಭಾವನಿಗೆ ಮಾತ್ರ ನನ್ನ "ಬಿಲ್ ಮಾಡಕ್ಕೆ" ಇನ್ನೂ ಮರೆತಿಲ್ಲ. ಆ ದಾಖಲೆಗೂ ಎಕ್ಸ್‌ಪೈರಿ ಇಲ್ಲ ಅನ್ಸುತ್ತೆ!