ಜಾರ್ಜಿಯಾದ ಕೂಸುಗಳಿಗೆ ಸರ್ಕಾರದ ಸಂಗೀತ

1998ರ ಜನವರಿ. ಅಮೆರಿಕದ ಜಾರ್ಜಿಯಾ ರಾಜ್ಯದ ಶಾಸಕರು ಅಟ್ಲಾಂಟಾದಲ್ಲಿ ಬಜೆಟ್ ಭಾಷಣ ಕೇಳಲು ಸೇರಿದ್ದರು. ಗವರ್ನರ್ ಝೆಲ್ ಮಿಲ್ಲರ್ ನಡುವೆ ಬೀಥೋವನ್‌ನ ‘ಓಡ್ ಟು ಜಾಯ್’ ತುಣುಕೊಂದನ್ನು ಟೇಪ್ ರೆಕಾರ್ಡರಿನಲ್ಲಿ ಹಾಕಿ ಕೇಳಿಸಿದರು. ಈಗಾಗಲೇ ಬುದ್ಧಿ ಚುರುಕಾದ ಹಾಗೆ ಅನ್ನಿಸುತ್ತಿಲ್ಲವೇ ಎಂದು ಸಭೆಯನ್ನು ಕೇಳಿದರು. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಆಡಳಿತ ನಡೆಸುವವರೂ ಆಯವ್ಯಯ ಮಂಡಿಸುವವರೂ ಅವರೇ. ಮಿಲ್ಲರ್ ಅಂದು ಕೇಳಿದ್ದು ವರ್ಷಕ್ಕೆ 1,05,000 ಡಾಲರ್. ರಾಜ್ಯದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಕೂಸುಗಳು ಹುಟ್ಟುತ್ತಿದ್ದವು. ಒಂದೊಂದು ಕೂಸಿಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟೋ ಸಿ.ಡಿ.ಯೋ ಸಿಗಬೇಕು, ಅದನ್ನು ಕೇಳಿ ಅದರ ಮಿದುಳು ಬೆಳೆಯಬೇಕು ಎಂಬುದು ಯೋಜನೆ. ಸೋನಿ ಕಂಪನಿ ಸಿ.ಡಿ. ಮಾಡಿಕೊಡಲು ಮುಂದೆ ಬಂತು. ‘ಬಿಲ್ಡ್ ಯುವರ್ ಬೇಬೀಸ್ ಬ್ರೈನ್’ ಎಂಬ ಹೆಸರಿನಲ್ಲಿ ಅದು ಬಾಣಂತಿಯರ ಕೈ ಸೇರತೊಡಗಿತು.

ಮಿಲ್ಲರ್ ಬಗ್ಗೆ ನನಗೆ ಗೌರವವಿದೆ. ಗುಡ್ಡಗಾಡಿನ ಸಣ್ಣ ಊರಿನಿಂದ ಬಂದ ಅವರು ಲಾಟರಿಯ ಹಣದಲ್ಲಿ ಕಾಲೇಜು ವಿದ್ಯಾರ್ಥಿವೇತನ ಕೊಡಿಸಿದರು, ನಾಲ್ಕು ವರ್ಷದ ಮಕ್ಕಳಿಗೆ ಶಾಲೆ ತೆರೆಸಿದರು. ಅವರ ಮನಸ್ಸಿಗೆ ಹತ್ತಿರವಾಗಿದ್ದದ್ದು ತಮ್ಮ ಬೆಟ್ಟದ ಸೀಮೆಯ ಹಾಡುಗಬ್ಬ ಮತ್ತು ಕಂಟ್ರಿ ಸಂಗೀತ. ಜಾರ್ಜಿಯಾದ ಗಾಯಕರ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ಅಂಥವರು ಕೂಸುಗಳಿಗೆ ಕೊಡಲು ತಮ್ಮೂರಿನ ಹಾಡನ್ನು ಬಿಟ್ಟು ವಿಯೆನ್ನಾದ ಸಂಗೀತವನ್ನು ಆರಿಸಿಕೊಂಡರು. ಇದು ಹೇಗಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುವವಳು ನಾನು. ಸಂಗೀತದಿಂದ ಏನು ಲಾಭ ಎಂಬ ಪ್ರಶ್ನೆ ನಮ್ಮ ಹೊಸ್ತಿಲಿಗೂ ದಿನಾ ಬರುತ್ತದೆ.

ಇದಕ್ಕೆಲ್ಲ ಮೂಲ 1993ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದೇ ಪುಟದ ಬರಹ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿ ಗಾರ್ಡನ್ ಶಾ ಎಂಬ ಭೌತವಿಜ್ಞಾನಿ ಇದ್ದರು. ಮಿದುಳಿನ ನರಕೋಶಗಳು ಗುಂಪುಗುಂಪಾಗಿ ಮಿಡಿಯುವ ಬಗೆಯನ್ನು ಅವರೂ ಅವರ ಸಹೋದ್ಯೋಗಿ ಷಿಯಾವೊಡಾನ್ ಲೆಂಗ್ ಅವರೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆ ಮಿಡಿತದ ವಿನ್ಯಾಸಗಳಿಗೆ ಸ್ವರ ಹಚ್ಚಿ ನುಡಿಸಿದಾಗ ಕೇಳಿಸಿದ್ದು ಸಂಗೀತದಂತೆಯೇ ಇತ್ತು. ಮಿದುಳಿನ ನಡೆ ಸಂಗೀತವಾಗುವುದಾದರೆ, ಸಂಗೀತ ಮಿದುಳನ್ನು ಹದಗೊಳಿಸಬಾರದೇಕೆ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಸೆಲ್ಲೊ ವಾದನದಲ್ಲಿ ತರಬೇತಾಗಿ ಆಮೇಲೆ ಮನಶ್ಶಾಸ್ತ್ರಕ್ಕೆ ಬಂದಿದ್ದ ಫ್ರಾನ್ಸೆಸ್ ರೌಷರ್, ಶಾ ಅವರ ಜೊತೆಯಾದರು. ಕ್ಯಾಥರೀನ್ ಕೈ ಮೂರನೆಯವರು.

ಪ್ರಯೋಗಕ್ಕೆ ಕೂತವರು 36 ಜನ ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಮೊಜಾರ್ಟ್, ಹತ್ತು ನಿಮಿಷ ಮೈಮನ ಸಡಿಲಿಸಿಕೊಳ್ಳಲು ಹೇಳುವ ಟೇಪು, ಹತ್ತು ನಿಮಿಷ ಮೌನ: ಒಬ್ಬೊಬ್ಬರಿಗೂ ಈ ಮೂರೂ, ಪ್ರತಿಯೊಂದರ ನಂತರ ಒಂದು ಪರೀಕ್ಷೆ. ಮಡಿಸಿದ ಕಾಗದವನ್ನು ಕತ್ತರಿಸಿದ ಚಿತ್ರ ತೋರಿಸಿ, ಬಿಚ್ಚಿದಾಗ ಅದು ಹೇಗೆ ಕಾಣುತ್ತದೆ ಎಂದು ಕೇಳುವಂಥ ಪ್ರಶ್ನೆಗಳು. ಅಂಕಗಳನ್ನು ಬುದ್ಧ್ಯಂಕಕ್ಕೆ ಪರಿವರ್ತಿಸಿದಾಗ ಮೊಜಾರ್ಟ್ ಕೇಳಿದ ಮೇಲೆ 119, ಟೇಪಿನ ಮೇಲೆ 111, ಮೌನದ ಮೇಲೆ 110 ಬಂದವು. ಈ ಹೆಚ್ಚಳ ಹತ್ತು ಹದಿನೈದು ನಿಮಿಷದಲ್ಲಿ ಇಳಿದುಹೋಯಿತೆಂದು ಬರಹದಲ್ಲೇ ಹೇಳಿದ್ದರು. ಆ ಕೋಣೆಯಲ್ಲಿ ಒಂದು ಕೂಸೂ ಇರಲಿಲ್ಲ.

ಅಲ್ಲಿ ಕೇಳಿಸಿದ ಕೃತಿ, ಎರಡು ಪಿಯಾನೊಗಳಿಗಾಗಿ ಬರೆದ ಡಿ ಮೇಜರ್ ಸೊನಾಟಾ. 1781ರಲ್ಲಿ, ತನ್ನ ಇಪ್ಪತ್ತೈದನೇ ವಯಸ್ಸಿನಲ್ಲಿ, ಶಿಷ್ಯೆ ಜೋಸೆಫಾ ಔರ್ನ್‌ಹ್ಯಾಮರ್ ಜೊತೆಗೆ ಕೂತು ನುಡಿಸಲೆಂದು ಮೊಜಾರ್ಟ್ ಇದನ್ನು ಬರೆದ. ಮೃದಂಗಕ್ಕೆ ಘಟ ಉತ್ತರ ಕೊಡುವ ಹಾಗೆ ಒಂದು ಪಿಯಾನೊ ಎತ್ತಿದ ಮಾತನ್ನು ಇನ್ನೊಂದು ಕೈಗೆತ್ತಿಕೊಂಡು ಮುಂದೆ ಓಡುತ್ತದೆ. ಗುರು ಶಿಷ್ಯೆಯನ್ನು ಹಿಂದೆ ಕೂರಿಸಿಕೊಳ್ಳದೆ ತನಗೆ ಸಮನಾಗಿ ನುಡಿಸಲು ಬಿಟ್ಟ ಕೃತಿ ಅದು. ಎಷ್ಟು ಸಲ ಕೇಳಿದರೂ ನನಗೆ ಅದರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಕೇಳಿದವನ ಮೈ ಎಚ್ಚರಗೊಂಡರೆ ಆಶ್ಚರ್ಯವಿಲ್ಲ. ಅದು ಎಚ್ಚರಗೊಳಿಸುವ ಸಂಗೀತವೇ.

ಹಾಗಾದರೆ ವಿದ್ಯಾರ್ಥಿಗಳು ಕೂತಿದ್ದ ಜಾಗಕ್ಕೆ ಕೂಸು ಬಂದದ್ದು ಯಾವಾಗ? ಏಡ್ರಿಯನ್ ಬ್ಯಾಂಗರ್ಟರ್ ಮತ್ತು ಚಿಪ್ ಹೀತ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಪತ್ರಿಕೆಗಳನ್ನು ವರ್ಷವರ್ಷಕ್ಕೆ ತಿರುವಿ ನೋಡಿ 2004ರಲ್ಲಿ ಇದನ್ನು ಬರೆದಿದ್ದಾರೆ. ಮೊದಮೊದಲು ವರದಿಗಳಲ್ಲಿ ಕಾಲೇಜು ವಿದ್ಯಾರ್ಥಿಗಳೆಂದೇ ಇತ್ತು. ಬರಬರುತ್ತ ಮಕ್ಕಳು ಎಂದಾಯಿತು, ಆಮೇಲೆ ಕೂಸುಗಳು ಎಂದಾಯಿತು. ಶಿಕ್ಷಕರ ಸಂಬಳ ಕಡಿಮೆಯಿದ್ದ, ಮಕ್ಕಳ ಪರೀಕ್ಷಾ ಅಂಕ ಕಡಿಮೆಯಿದ್ದ ರಾಜ್ಯಗಳ ಪತ್ರಿಕೆಗಳಲ್ಲಿ ಮೊಜಾರ್ಟ್ ಸುದ್ದಿ ಹೆಚ್ಚು ಬಂದಿತ್ತು ಎಂಬುದನ್ನೂ ಅವರು ಕಂಡರು. ಅದನ್ನು ಓದಿದಾಗ ನನಗೆ ಸಂಕಟವಾಯಿತು. ಮಕ್ಕಳಿಗೆ ಒಳ್ಳೆಯ ಶಾಲೆ ಸಿಗದ ಊರಿನಲ್ಲೇ ತಂದೆತಾಯಿಗೆ ಇಂಥ ಆಸರೆ ಬೇಕಾಗುತ್ತದೆ.

ಕಾಲವೂ ಅದಕ್ಕೆ ಅನುಕೂಲವಾಗಿತ್ತು. 1997ರ ಏಪ್ರಿಲಿನಲ್ಲಿ ಶ್ವೇತಭವನದಲ್ಲಿ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆ ಕುರಿತ ಸಮ್ಮೇಳನ ನಡೆಯಿತು. ಮೊದಲ ಮೂರು ವರ್ಷ ಕಳೆದರೆ ಬಾಗಿಲು ಮುಚ್ಚಿತು ಎಂಬ ಭಯ ಮನೆಮನೆಗೂ ಹೊಕ್ಕಿತು. ಅದೇ ವರ್ಷ ಡಾನ್ ಕ್ಯಾಂಪ್‌ಬೆಲ್ ‘ದಿ ಮೊಜಾರ್ಟ್ ಎಫೆಕ್ಟ್’ ಎಂಬ ಪುಸ್ತಕ ಬರೆದು ಆ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಂಡರು. 1998ರಲ್ಲಿ ಫ್ಲಾರಿಡಾ ರಾಜ್ಯ, ಸರ್ಕಾರಿ ಹಣ ಪಡೆಯುವ ಶಿಶುವಿಹಾರಗಳು ದಿನಾ ಶಾಸ್ತ್ರೀಯ ಸಂಗೀತ ಹಾಕಬೇಕೆಂದು ಕಾನೂನನ್ನೇ ಮಾಡಿತು. ಅಟ್ಲಾಂಟಾದ ಹೊರವಲಯದ ಆಲ್ಫರೆಟಾದಲ್ಲಿ ಜೂಲಿ ಐಗ್ನರ್ ಕ್ಲಾರ್ಕ್ ಎಂಬ ತಾಯಿ ಶುರುಮಾಡಿದ್ದ ‘ಬೇಬಿ ಐನ್‌ಸ್ಟೈನ್’ ಕಂಪನಿ ‘ಬೇಬಿ ಮೊಜಾರ್ಟ್’ ವಿಡಿಯೊ ಹೊರತಂದದ್ದೂ ಆ ವರ್ಷವೇ. 2001ರಲ್ಲಿ ಡಿಸ್ನಿ ಆ ಕಂಪನಿಯನ್ನು ಕೊಂಡುಕೊಂಡಿತು. ಮಕ್ಕಳ ವಿಷಯದಲ್ಲಿ ತಮ್ಮ ಪ್ರಯೋಗ ಏನನ್ನೂ ಹೇಳುವುದಿಲ್ಲವೆಂದು ರೌಷರ್ ಮತ್ತೆ ಮತ್ತೆ ಸ್ಪಷ್ಟಪಡಿಸಿದರು. ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

1999ರಲ್ಲಿ ಮಗಳ ಬಾಣಂತನಕ್ಕೆಂದು ನಾನು ಅಟ್ಲಾಂಟಾಕ್ಕೆ ಹೋದೆ. ಬಾಣಂತಿ ಖಾರ, ಮೆಂತ್ಯದ ಹಿಟ್ಟು, ಕೊಬ್ಬರಿ, ಹರಳೆಣ್ಣೆ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಡೈಪರು, ಹಾಲಿನ ಪುಡಿಯ ಡಬ್ಬಿಯ ಜೊತೆ ಚೀಲದಲ್ಲಿ ಆ ಸಿ.ಡಿ.ಯೂ ಇತ್ತು. ಮಗಳು ಅದನ್ನು ಶ್ರದ್ಧೆಯಿಂದ ತೊಟ್ಟಿಲ ಪಕ್ಕದ ಪ್ಲೇಯರಿಗೆ ಹಾಕುತ್ತಿದ್ದಳು. ಕೂಸನ್ನು ಮಲಗಿಸಿ, ಸಂಗೀತ ಹಾಕಿ, ಬಾಗಿಲು ಮುಂದೆ ಮಾಡಿ ಬರುವುದು. ಎಣ್ಣೆನೀರು ಆದಮೇಲೆ ನಾನು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಹಾಡಲು ಶುರುಮಾಡಿದರೆ, “ಅಮ್ಮಾ, ಹಾಡಬೇಡ ಅನ್ನಲ್ಲ, ಆದರೆ ಅದರ ಟೈಮ್ ಆಯ್ತು, ಪೇಪರಿನಲ್ಲೆಲ್ಲ ಬಂದಿದೆ” ಎನ್ನುತ್ತಿದ್ದಳು. ಅವಳು ಎಂಟು ವರ್ಷ ನನ್ನ ಹತ್ತಿರವೇ ವೀಣೆ ಕಲಿತವಳು. ತನ್ನ ಗಂಟಲಿಗಿಂತ ಆ ತಟ್ಟೆ ಮಗುವಿಗೆ ಹೆಚ್ಚು ಮಾಡೀತು ಎಂದು ಅವಳು ನಂಬಿದ್ದು ನನಗೆ ನೋವು ಕೊಟ್ಟಿತು. ತಟ್ಟೆಯಲ್ಲಿದ್ದ ಸಂಗೀತದ ಮೇಲೆ ನನ್ನ ತಕರಾರಿರಲಿಲ್ಲ. ಕೂಸು ಒಂದು ಕಡೆ, ಹಾಡು ಇನ್ನೊಂದು ಕಡೆ, ತಾಯಿ ಬಾಗಿಲಾಚೆ ಆದದ್ದೇ ನನ್ನ ದುಃಖ.

ಆ ಆಗಸ್ಟಿನಲ್ಲೇ ‘ನೇಚರ್’ ತನ್ನ ಹಳೆಯ ಬರಹಕ್ಕೆ ಉತ್ತರಗಳನ್ನು ಪ್ರಕಟಿಸಿತು. ಅಷ್ಟರೊಳಗೆ ನಡೆದಿದ್ದ 16 ಅಧ್ಯಯನಗಳನ್ನು ಕ್ರಿಸ್ಟೊಫರ್ ಶಾಬ್ರಿ ಒಟ್ಟುಮಾಡಿ ನೋಡಿದಾಗ ಲಾಭ ಬುದ್ಧ್ಯಂಕದ ಒಂದೂವರೆ ಅಂಕದಷ್ಟೂ ಇರಲಿಲ್ಲ. ಕೆನೆತ್ ಸ್ಟೀಲ್ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿ ಆ ಪರಿಣಾಮವನ್ನು ಕಾಣಲಿಲ್ಲ. ಕೆನಡಾದ ಗ್ಲೆನ್ ಶೆಲ್ಲೆನ್‌ಬರ್ಗ್ ಇನ್ನೊಂದು ದಾರಿ ಹಿಡಿದರು. ಮೊಜಾರ್ಟ್ ಎದುರಿಗೆ ಮೌನವನ್ನಿಡದೆ ಸ್ಟೀಫನ್ ಕಿಂಗ್ ಬರೆದ ಕಥೆಯೊಂದರ ಓದನ್ನು ಇಟ್ಟರು. ಕಥೆ ಇಷ್ಟಪಟ್ಟವರು ಕಥೆ ಕೇಳಿದ ಮೇಲೆ ಚೆನ್ನಾಗಿ ಮಾಡಿದರು, ಸಂಗೀತ ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ. ಮುಂದೆ ಆಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ನಿಧಾನದ, ಶೋಕದ ಕೃತಿಯನ್ನು ಕೇಳಿಸಿದಾಗ ಯಾವ ಲಾಭವೂ ಕಾಣಲಿಲ್ಲ. ಮನಸ್ಸು ಅರಳಿದಾಗ, ಮೈ ಚುರುಕಾದಾಗ ಯಾರಾದರೂ ಸ್ವಲ್ಪ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬಲ್ಲಿಗೆ ವಿಷಯ ಬಂದು ನಿಂತಿತು. ಬ್ರಿಟನ್ನಿನ ಹತ್ತು ಹನ್ನೊಂದು ವರ್ಷದ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಮೊಜಾರ್ಟ್‌ಗಿಂತ ‘ಬ್ಲರ್’ ತಂಡದ ಪಾಪ್ ಹಾಡು ಕೇಳಿದವರೇ ಮುಂದಿದ್ದರು; ಅದು ಅವರ ವಯಸ್ಸಿನ ಹಾಡು. ಕೊನೆಗೆ 2010ರಲ್ಲಿ, ಮೊಜಾರ್ಟ್ ಬಾಳಿ ಸತ್ತ ವಿಯೆನ್ನಾದ ವಿಶ್ವವಿದ್ಯಾಲಯದಲ್ಲೇ ಯಾಕೋಬ್ ಪೀಟ್ಷ್‌ನಿಗ್ ಮತ್ತು ಸಂಗಡಿಗರು ಸುಮಾರು 40 ಅಧ್ಯಯನಗಳ, 3,000ದಷ್ಟು ಜನರ ಲೆಕ್ಕ ತೆಗೆದು, ಮೊಜಾರ್ಟ್ ಸಂಗೀತಕ್ಕೆ ಮಾತ್ರ ಮೀಸಲಾದ ಶಕ್ತಿಯೇನೂ ಇಲ್ಲ ಎಂದು ತೀರ್ಮಾನಿಸಿದರು.

ಎಳೆಗೂಸುಗಳ ವಿಡಿಯೊಗಳ ಕಥೆಯೂ ಹಾಗೆಯೇ ಮುಗಿಯಿತು. 2007ರಲ್ಲಿ ಸಿಯಾಟಲ್‌ನ ಸಂಶೋಧಕರು ಎಂಟರಿಂದ ಹದಿನಾರು ತಿಂಗಳ ಮಕ್ಕಳ ತಂದೆತಾಯಿಯರನ್ನು ವಿಚಾರಿಸಿದರು. ಅಂಥ ವಿಡಿಯೊ ದಿನಕ್ಕೆ ಒಂದು ಗಂಟೆ ನೋಡುವ ಕೂಸುಗಳಿಗೆ, ನೋಡದ ಕೂಸುಗಳಿಗಿಂತ ಆರರಿಂದ ಎಂಟು ಮಾತು ಕಡಿಮೆ ಗೊತ್ತಿದ್ದವು. 2009ರಲ್ಲಿ ಡಿಸ್ನಿ, ಆ ವಿಡಿಯೊ ಕೊಂಡವರಿಗೆ ಹಣ ಹಿಂದಿರುಗಿಸಲು ಒಪ್ಪಿತು.

ಹುಟ್ಟುವ ಮೊದಲೇ ಕೂಸು ಕೇಳುತ್ತದೆ ಎಂಬುದು ಮಾತ್ರ ನಿಜ. ಆರನೇ ತಿಂಗಳ ಹೊತ್ತಿಗೆ ಕಿವಿ ಕೆಲಸ ಮಾಡತೊಡಗುತ್ತದೆ. 1980ರಲ್ಲಿ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್, ಮೂರು ದಿನವೂ ತುಂಬದ ಕೂಸುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟು, ಚೀಪುವ ಲಯ ಬದಲಾದರೆ ಬೇರೆ ದನಿ ಕೇಳಿಸುವ ಹಾಗೆ ಮಾಡಿದರು. ಕೂಸುಗಳು ತಾಯಿಯ ದನಿ ಕೇಳಿಸುವ ಹಾಗೆಯೇ ಚೀಪಿದವು. 1988ರಲ್ಲಿ ಪೀಟರ್ ಹೆಪ್ಪರ್ ಇನ್ನೊಂದನ್ನು ಕಂಡರು. ಬಸುರಿನಲ್ಲಿ ‘ನೇಬರ್ಸ್’ ಎಂಬ ಟಿ.ವಿ. ಧಾರಾವಾಹಿ ತಪ್ಪದೆ ನೋಡುತ್ತಿದ್ದ ತಾಯಂದಿರ ಕೂಸುಗಳು, ಅದರ ಶೀರ್ಷಿಕೆ ಗೀತೆ ಬಂದರೆ ಅಳು ನಿಲ್ಲಿಸಿ ಕಿವಿಗೊಡುತ್ತಿದ್ದವು. ಈ ಎರಡೂ ನನಗೆ ಬಹಳ ಪ್ರಿಯವಾದ ಪ್ರಯೋಗಗಳು. ಬುದ್ಧಿಯ ಅಳತೆ ಅವುಗಳಲ್ಲಿ ಎಲ್ಲೂ ಇಲ್ಲ. ಕೂಸಿಗೆ ಗುರುತು ಸಿಕ್ಕಿದ್ದು ತನ್ನ ಮನೆಯ ಸದ್ದಿನದು.

ನಮ್ಮಲ್ಲೂ ಇದಕ್ಕೆ ಹಳೆಯ ಬೇರಿದೆ. ಸೀಮಂತದಲ್ಲಿ ವೀಣೆ ನುಡಿಸುವವರನ್ನು ಕರೆಸಿ ಸೋಮರಾಜನನ್ನು ಕುರಿತು ಹಾಡಿಸಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ಹೇಳುತ್ತದೆ. ತಾವು ಯಾವ ನದಿಯ ದಡದಲ್ಲಿ ಬಾಳುತ್ತಿದ್ದಾರೋ ಆ ನದಿಯ ಹೆಸರನ್ನು ಹಾಡಿನಲ್ಲಿ ಸೇರಿಸಬೇಕು. ಮಗುವಿಗೆ ಗಣಿತ ಬರಲಿ ಎಂಬ ಮಾತು ಅಲ್ಲಿಲ್ಲ. ಈ ನೀರಿನ ದಡದ ಜನ ನಿನ್ನವರು ಎಂದು ತಾಯಿಯ ಮುಂದೆ ಹಾಡಬೇಕು, ಅಷ್ಟೇ. ಅಭಿಮನ್ಯುವಿನ ಕಥೆಯನ್ನೂ ಹಾಗೆಯೇ ನೋಡಿ. ಚಕ್ರವ್ಯೂಹದ ಮಾತನ್ನು ಹೇಳಿದ್ದು ಸುಭದ್ರೆಗೆ. ನಾರದರು ಉಪದೇಶ ಮಾಡಿದ್ದು ಕಯಾಧುವಿಗೆ, ಪ್ರಹ್ಲಾದ ಒಳಗಿಂದ ಕೇಳಿಸಿಕೊಂಡ. ಎದುರಿಗೆ ಕೂತು ತಾಯಿಯೊಡನೆ ಮಾತಾಡುವವರು ಎರಡು ಕಥೆಯಲ್ಲೂ ಇದ್ದಾರೆ. ಈಗ ಮೈಸೂರು, ಬೆಂಗಳೂರುಗಳಲ್ಲಿ ಗರ್ಭಸಂಸ್ಕಾರವೆಂದು ಮಾರುವ ಹಾಡಿನ ಕಟ್ಟುಗಳಿಗೆ ಈ ಕಥೆಗಳನ್ನೇ ಸಾಕ್ಷಿ ಕರೆಯುತ್ತಾರೆ. ಆದರೆ ಹೊಟ್ಟೆಯ ಮೇಲೆ ಹೆಡ್‌ಫೋನ್ ಇಟ್ಟುಕೊಂಡು ಒಬ್ಬಳೇ ಮಲಗಿದ ಬಸುರಿಯನ್ನು ನಾನು ಆ ಕಥೆಗಳಲ್ಲಿ ಕಾಣೆ.

ಕಲಿಯುವ ಮಾತು ಬೇರೆ. 2004ರಲ್ಲಿ ಶೆಲ್ಲೆನ್‌ಬರ್ಗ್ ಟೊರಾಂಟೊದ ಆರು ವರ್ಷದ 144 ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡುಗಾರಿಕೆ, ಕೆಲವರಿಗೆ ನಾಟಕ ಕಲಿಸಿದರು. ಉಳಿದವರಿಗೆ ಏನೂ ಇಲ್ಲ. 36 ವಾರದ ಕೊನೆಗೆ ಸಂಗೀತ ಕಲಿತವರ ಬುದ್ಧ್ಯಂಕ ಸರಾಸರಿ ಏಳು ಅಂಕ ಏರಿತ್ತು, ಉಳಿದವರದು ನಾಲ್ಕು ಚಿಲ್ಲರೆ. ಹಾರ್ವರ್ಡ್‌ನಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಆರು ವಾರ ಪಾಠ ಮಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಮಗುವನ್ನು ಸೇರಿಸಲು ಬಂದು, “ಮೇಡಂ, ವೀಣೆ ಕಲಿತರೆ ಮ್ಯಾಥ್ಸ್ ಇಂಪ್ರೂವ್ ಆಗುತ್ತಂತೆ, ಹೌದಾ?” ಎನ್ನುವವರಿಗೆ ಈ ಎರಡನ್ನೂ ಮುಚ್ಚಿಡದೆ ಹೇಳುತ್ತೇನೆ. ನಾನು ಕಲಿಸುವುದು ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ. ಮಾಯಾಮಾಳವಗೌಳದ ರಿಷಭ ಶ್ರುತಿಗೆ ಕೂಡಿದ ದಿನ ಮಗುವಿನ ಮುಖದಲ್ಲಿ ಕಾಣುವ ಸಂತೋಷವೊಂದಿದೆ. ಫೀಸು ತೆಗೆದುಕೊಂಡು ಕೊಡಬಲ್ಲೆ ಎಂದು ನಾನು ಮಾತು ಕೊಡುವುದು ಅದಕ್ಕೆ ಮಾತ್ರ.

ಬಸುರಿಯರೂ ಬರುತ್ತಾರೆ, ಯಾವ ರಾಗ ಕೇಳಬೇಕು ಎಂದು ಬರೆದುಕೊಳ್ಳಲು ಫೋನ್ ತೆಗೆಯುತ್ತಾರೆ. ಪಟ್ಟಿ ಕೊಡುವುದಿಲ್ಲ. ಸಂಜೆ ಪಾಠದ ಹೊತ್ತಿಗೆ ಬಂದು ಮಕ್ಕಳ ಮಧ್ಯೆ ಗೋಡೆಗೆ ಒರಗಿ ಕೂತುಕೊಳ್ಳಿ, ಬರಲಾಗದ ದಿನ ನಿಮಗೆ ಬರುವುದನ್ನು ನೀವೇ ಹಾಡಿಕೊಳ್ಳಿ ಎನ್ನುತ್ತೇನೆ. ಹಾಡು ಬರುವುದೇ ಇಲ್ಲ ಎಂದರೆ, ಅಡಿಗೆ ಮಾಡುವಾಗ ಮನೆಯವರೊಡನೆ ಆಡುವ ಮಾತೂ ಆಗುತ್ತದೆ, ಕೂಸು ಅದನ್ನು ಗುರುತು ಹಿಡಿಯುತ್ತದೆ ಎಂದು ಹೇಳಿ ಕಳಿಸುತ್ತೇನೆ.