ಡೀಲರ್ ಮೀಟ್, ಮಹಾಸಭೆ, ಶೋರೂಂ ಉದ್ಘಾಟನೆ ಇಟ್ಕೊಂಡಿದ್ದೀರಾ? ಮೈಕ್, ಪರದೆ, ಕರೆಂಟಿನ ಲೆಕ್ಕ ಮೊದಲೇ ಹಾಕಿಕೊಳ್ಳಿ

ರಾಣೇಬೆನ್ನೂರು: ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಭಾಗದ ಸಹಕಾರ ಸಂಘವೊಂದರ ವಾರ್ಷಿಕ ಮಹಾಸಭೆಯ ವರದಿಗೆ ಹೋಗಿದ್ದೆ. ವೇದಿಕೆ ಹಿಂದೆ ದೊಡ್ಡ ಎಲ್‌ಇಡಿ ಪರದೆ, ಹೂವಿನ ಅಲಂಕಾರ, ಬಣ್ಣದ ಲೈಟು ಎಲ್ಲ ಇತ್ತು. ಕಾರ್ಯದರ್ಶಿಯವರು ಜಮಾ-ಖರ್ಚು ಓದೋಕೆ ಶುರು ಮಾಡುವ ಹೊತ್ತಿಗೆ ಸರಿಯಾಗಿ ಮೈಕ್ ಕೈಕೊಟ್ಟಿತು. 'ಹಿಂದ ಏನೂ ಕೇಳವಲ್ದ್ರಿ' ಅಂತ ಹಿರಿಯರೊಬ್ಬರು ಎರಡು ಸಲ ಕೂಗಿದರು. ಮೈಕ್ ಸರಿಯಾಗುವಷ್ಟರಲ್ಲಿ ಮುಂದಿನ ಸಾಲಿನವರು ಕೈ ಎತ್ತಿ, ಲೆಕ್ಕಪತ್ರಕ್ಕೆ ಒಪ್ಪಿಗೆ ಸಿಕ್ಕಾಗಿತ್ತು. ಡಿವಿಡೆಂಡ್ ಎಷ್ಟು ಅಂತ ಹಿಂದೆ ಕೂತವರಿಗೆ ಗೊತ್ತಾಗಿದ್ದು ಊಟದ ಸಾಲಿನಲ್ಲಿ.

ಬೀಜದ ವ್ಯಾಪಾರಕ್ಕೆ ಹೆಸರಾದ ಊರು ನಮ್ಮದು. ಬೀಜ-ಗೊಬ್ಬರ ಕಂಪನಿಗಳ ಡೀಲರ್ ಮೀಟ್, ಟ್ರ್ಯಾಕ್ಟರ್ ಶೋರೂಂ ಉದ್ಘಾಟನೆ, ಸಂಘಗಳ ಮಹಾಸಭೆ ಇಲ್ಲಿ ಹೊಸದಲ್ಲ. ಆದರೆ ದುಡ್ಡು ಹಾಕುವಾಗ ಬಹಳ ಜನ ಮೊದಲು ಪರದೆ ನೋಡ್ತಾರೆ, ಆಮೇಲೆ ಲೈಟು, ಕೊನೆಗೆ ಮೈಕು. ಇದನ್ನು ತಿರುಗಿಸಬೇಕು. ಮೊದಲು ಮಾತು ಕೇಳಿಸಬೇಕು, ಎರಡನೆಯದು ಕರೆಂಟು ನಿಲ್ಲಬಾರದು, ಪರದೆ ಮೂರನೆಯದು. ಆ ಕ್ರಮದಲ್ಲೇ ಒಂದೊಂದಾಗಿ ನೋಡೋಣ.

ಧ್ವನಿ: ಹಿಂದಿನ ಸಾಲಿನಿಂದ ಶುರು ಮಾಡಿ

ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ಎರಡು ಪಟ್ಟಾದಂತೆಲ್ಲ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ವೇದಿಕೆ ಪಕ್ಕ ಎರಡೇ ದೊಡ್ಡ ಸ್ಪೀಕರ್ ಇಟ್ಟು ವಾಲ್ಯೂಮ್ ಏರಿಸಿದರೆ ಮುಂದಿನವರ ಕಿವಿ ಗುಂಯ್‌ಗುಡುತ್ತೆ, ಹಿಂದಿನವರಿಗೆ ಮಾತು ಅರ್ಥ ಆಗಲ್ಲ. ಶಾಮಿಯಾನ ಅಥವಾ ಕಲ್ಯಾಣ ಮಂಟಪ ಉದ್ದವಾಗಿದ್ದರೆ ನಡುವೆ ಇನ್ನೊಂದು ಜೊತೆ ಸಣ್ಣ ಸ್ಪೀಕರ್ ಹಾಕಿಸಿ.

ಹಾಗೆ ಹಾಕಿಸಿದಾಗ ಮಿಕ್ಸರ್‌ನಲ್ಲಿ 'ಡಿಲೇ' ಕೊಡಲು ಹೇಳಿ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 30 ಮೀಟರ್ ದಾಟಲು ಸೆಕೆಂಡಿನ ಹನ್ನೊಂದನೇ ಒಂದು ಭಾಗ ಬೇಕು. ಡಿಲೇ ಕೊಡದಿದ್ದರೆ ಹಿಂದೆ ಕೂತವರಿಗೆ ಒಂದೇ ಮಾತು ಎರಡು ಸಲ ಕೇಳಿದ ಹಾಗಾಗುತ್ತೆ.

ಮೈಕ್ ಎಷ್ಟು ಬೇಕು? ಸಾಧಾರಣ ಸಭೆಗೆ ಭಾಷಣದ ಸ್ಟ್ಯಾಂಡಿಗೆ ವೈರ್ ಇರುವುದು ಒಂದು, ನಿರೂಪಕರಿಗೆ ಕಾರ್ಡ್‌ಲೆಸ್ ಒಂದು, ಸಭಿಕರ ಪ್ರಶ್ನೆಗೆ ಕಾರ್ಡ್‌ಲೆಸ್ ಒಂದು, ತಯಾರಾಗಿ ಇಟ್ಟುಕೊಳ್ಳಲು ಇನ್ನೊಂದು. ಮುಖ್ಯ ಭಾಷಣಕ್ಕೆ ವೈರ್ ಮೈಕೇ ಭರವಸೆ. ಕಾರ್ಡ್‌ಲೆಸ್‌ಗೆ ಕಾರ್ಯಕ್ರಮ ಶುರುವಾಗುವ ಮುಂಚೆ ಹೊಸ ಸೆಲ್ ಹಾಕಿಸಿ. ಎರಡು ಕಾರ್ಡ್‌ಲೆಸ್ ಒಂದೇ ಫ್ರೀಕ್ವೆನ್ಸಿಯಲ್ಲಿ ಇರಬಾರದು. ಮಹಾಸಭೆಯಲ್ಲಿ ಸದಸ್ಯರ ನಡುವೆ ಓಡಾಡುವ ಮೈಕನ್ನು ಯಾವ ಕಾರಣಕ್ಕೂ ಉಳಿಸಬೇಡಿ. ಪ್ರಶ್ನೆ ಕೇಳುವ ಹಕ್ಕು ಇರುವುದು ಅವರಿಗೆ.

ಕೀಂಯ್ ಅನ್ನೋ ಸದ್ದು ಬರೋದು ಸ್ಪೀಕರಿನ ಧ್ವನಿ ತಿರುಗಿ ಮೈಕಿಗೆ ಹೊಕ್ಕಾಗ. ಮೈಕ್ ಯಾವಾಗಲೂ ಸ್ಪೀಕರ್‌ಗಳ ಹಿಂದಿರಲಿ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ ಅಂತ ಭಾಷಣಕಾರರಿಗೆ ಮೊದಲೇ ಹೇಳಿ.

ಕರೆಂಟು: ಅಂದಾಜಿನ ಮೇಲೆ ಬಿಡಬೇಡಿ

ಸುಮಾರು 300 ಜನರ ಕಾರ್ಯಕ್ರಮದ ಒಂದು ಲೆಕ್ಕ ನೋಡಿ. 3 ಮೀಟರ್ ಅಗಲ, 2 ಮೀಟರ್ ಎತ್ತರದ ಎಲ್‌ಇಡಿ ಪರದೆ ಅಂದರೆ 6 ಚದರ ಮೀಟರ್. ಚದರ ಮೀಟರ್‌ಗೆ ಗರಿಷ್ಠ 700 ವಾಟ್ ಹಿಡಿದರೆ 4.2 ಕಿಲೋವಾಟ್. ಧ್ವನಿಗೆ 2, ಲೈಟಿಗೆ 1.5, ಲ್ಯಾಪ್‌ಟಾಪ್-ಮಿಕ್ಸರ್ ಇತ್ಯಾದಿಗೆ 0.3. ಒಟ್ಟು 8 ಕಿಲೋವಾಟ್. ಜನರೇಟರ್ ಲೆಕ್ಕಕ್ಕೆ ಇದನ್ನು 0.8ರಿಂದ ಭಾಗಿಸಿದರೆ 10 ಕೆವಿಎ. ಪೂರ್ತಿ ಲೋಡಿನ ಮೇಲೆ ಓಡಿಸಬಾರದು, ಹಾಗಾಗಿ 15 ಕೆವಿಎ ಜನರೇಟರ್ ಕೇಳಿ. ಫ್ಯಾನು, ಕೂಲರ್, ಅಡುಗೆಮನೆಯ ಗ್ರೈಂಡರ್ ಇದರಲ್ಲಿ ಸೇರಿಲ್ಲ. ಅವುಗಳಿಗೆ ಬೇರೆ ಲೈನ್ ಕೊಡಿಸಿ. ಸೌಂಡ್ ಮತ್ತು ಗ್ರೈಂಡರ್ ಒಂದೇ ಲೈನಿನಲ್ಲಿದ್ದರೆ ಗ್ರೈಂಡರ್ ಶುರುವಾದಾಗಲೆಲ್ಲ ಸ್ಪೀಕರಿನಲ್ಲಿ ಗರಗರ ಸದ್ದು ಬರಬಹುದು, ವೋಲ್ಟೇಜ್ ಬಿದ್ದು ಮಿಕ್ಸರ್ ಬಂದ್ ಆಗಲೂಬಹುದು.

ಹೆಸ್ಕಾಂ ಲೈನ್ ಹೋಗಿ ಜನರೇಟರ್‌ಗೆ ಬದಲಾಗುವ ಒಂದು ನಿಮಿಷದಲ್ಲಿ ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ಆಫ್ ಆಗದಂತೆ ಸಣ್ಣದೊಂದು ಯುಪಿಎಸ್ ಇರಲಿ. ಬಯಲಿನಲ್ಲಿ ಕಾರ್ಯಕ್ರಮ ಇದ್ದರೆ ಪಕ್ಕದ ಕಂಬದಿಂದ ಕೊಕ್ಕೆ ಹಾಕುವ ಮಾತೇ ಬೇಡ. ಹೆಸ್ಕಾಂ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಿ.

ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಅಂತ ಕೇಳಿ. ಕರೆಂಟು ಸೋರಿದ ಕ್ಷಣದಲ್ಲೇ ಲೈನ್ ಬಂದ್ ಮಾಡುವ ಸ್ವಿಚ್ ಇದು. ಮೈಕ್ ಹಿಡಿದವರಿಗೆ ಶಾಕ್ ಹೊಡೆದರೆ ಕಾರ್ಯಕ್ರಮದ ಮಾತು ಹಾಗಿರಲಿ, ಜೀವಕ್ಕೇ ಅಪಾಯ. ಜನ ಓಡಾಡುವ ಕಡೆ ವೈರ್ ಮೇಲೆ ಮ್ಯಾಟ್ ಹಾಕಿಸಿ. ಜನರೇಟರ್ ಹೊಗೆ ಶಾಮಿಯಾನದ ಒಳಗೆ, ಊಟದ ಕಡೆ ಬರದಷ್ಟು ದೂರ ಇರಲಿ.

ಪರದೆ: ದೊಡ್ಡದು ಅಂದರೆ ಎಷ್ಟು?

ಹಗಲು ಬೆಳಕಿರುವ ಶಾಮಿಯಾನದಲ್ಲಿ ಪ್ರೊಜೆಕ್ಟರ್ ಹಾಕಿದರೆ ಬಿಳಿ ಬಟ್ಟೆ ಮಾತ್ರ ಕಾಣುತ್ತೆ. ಅಲ್ಲಿ ಎಲ್‌ಇಡಿಯೇ ಬೇಕು. ಕಿಟಕಿ ಮುಚ್ಚಬಹುದಾದ ಹಾಲ್ ಇದ್ದರೆ ಪ್ರೊಜೆಕ್ಟರ್ ಸಾಕು, ದುಡ್ಡು ಉಳಿಯುತ್ತೆ.

ಎಲ್‌ಇಡಿ ಬಾಡಿಗೆಗೆ ಕೇಳುವಾಗ ಪಿ3, ಪಿ3.9, ಪಿ4.8 ಅಂತಾರೆ. ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಅಷ್ಟು ಮಿಲಿಮೀಟರ್ ಅಂತರ ಅಂತ ಅರ್ಥ. ಸುಲಭದ ಲೆಕ್ಕ ಏನೆಂದರೆ, ಎಷ್ಟು ಮಿಲಿಮೀಟರ್ ಇದೆಯೋ ಮೊದಲ ಸಾಲು ಹೆಚ್ಚುಕಡಿಮೆ ಅಷ್ಟು ಮೀಟರ್ ದೂರ ಇರಬೇಕು. ಕೊನೆಯ ಸಾಲು ಪರದೆಯ ಎತ್ತರದ ಆರೇಳು ಪಟ್ಟಿಗಿಂತ ದೂರ ಹೋದರೆ ಅಂಕಿ-ಅಂಶ ಓದೋಕೆ ಆಗಲ್ಲ. ಪರದೆಯ ಕೆಳಅಂಚು ನೆಲದಿಂದ ನಾಲ್ಕೈದು ಅಡಿ ಮೇಲಿರಲಿ, ಇಲ್ಲದಿದ್ದರೆ ಮುಂದಿನವರ ತಲೆಯೇ ಅಡ್ಡ.

ಬಯಲಿನಲ್ಲಿ ಎಲ್‌ಇಡಿ ಪರದೆ ಗಾಳಿಗೆ ಗೋಡೆ ಇದ್ದಂತೆ. ಕಬ್ಬಿಣದ ಚೌಕಟ್ಟಿಗೆ ತಳದಲ್ಲಿ ಭಾರ, ಹಿಂದೆ ಆಸರೆ ಇರಬೇಕು. ಜೋರು ಗಾಳಿ ಬೀಸಿದರೆ ಪರದೆ ಇಳಿಸಿ ಅಂತ ಹೇಳುವವರು ಯಾರು ಅನ್ನೋದು ಮೊದಲೇ ತೀರ್ಮಾನ ಆಗಿರಲಿ.

ನುಡಿ ಫಾಂಟಿನ ಕಾಟ

ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಕನ್ನಡ, ಆಪರೇಟರ್ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗೋದು ಎಲ್ಲರೂ ಕಂಡದ್ದೇ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಹಾಗೇ ಆಗುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಜೊತೆಗೆ ಪಿಡಿಎಫ್ ಒಂದನ್ನೂ ಮಾಡಿಟ್ಟುಕೊಳ್ಳಿ. ಕನ್ನಡದ ಒತ್ತಕ್ಷರ ದೂರಕ್ಕೆ ಬೇಗ ಕಲಸಿಹೋಗುತ್ತವೆ, ಒಂದು ಸ್ಲೈಡಿಗೆ ಐದು ಸಾಲು ಸಾಕು.

ಕಂಪನಿಯ ವಿಡಿಯೋವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ ಪರದೆ ಮೇಲೆ ಮಸುಕಾಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ಸ್ಲೈಡಿನೊಳಗೆ ಸೇರಿಸಿದ ವಿಡಿಯೋವನ್ನು ಬೇರೆ ಫೈಲ್ ಆಗಿಯೂ ಕೊಡಿ. ಯೂಟ್ಯೂಬ್‌ನಿಂದ ನೇರ ಹಾಕ್ತೀವಿ ಅನ್ನೋದನ್ನು ಬಿಡಿ, ಜನ ಸೇರಿದ ಕಡೆ ನೆಟ್‌ವರ್ಕ್ ನಂಬೋಕಾಗಲ್ಲ.

ಅನುಮತಿ ಮತ್ತು ಕಾನೂನು

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ನಿಮ್ಮ ಠಾಣೆಯಲ್ಲಿ ವಿಚಾರಿಸಿ, ದಿನ, ಸಮಯ, ಸ್ಥಳ ಬರೆದು ಮುಂಚಿತವಾಗಿ ಅರ್ಜಿ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ನಿಷಿದ್ಧ. ಹಗಲಿನ ಮಿತಿ ವಾಣಿಜ್ಯ ಪ್ರದೇಶದಲ್ಲಿ 65 ಡೆಸಿಬಲ್, ವಸತಿ ಪ್ರದೇಶದಲ್ಲಿ 55. ಆಸ್ಪತ್ರೆ, ಶಾಲೆ-ಕಾಲೇಜು, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿರಬಹುದು. ಅಂಥ ಕಡೆ ಜಾಗ ಹಿಡಿಯುವ ಮೊದಲೇ ಕೇಳಿಕೊಳ್ಳಿ.

ಹಾಡಿನ ವಿಷಯವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮದುವೆಯಂಥ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ, ಕಂಪನಿ ಕಾರ್ಯಕ್ರಮಕ್ಕೆ ಅದು ಅನ್ವಯಿಸಲ್ಲ. ಸಿನಿಮಾ ಹಾಡು ಹಾಕಬೇಕಂದ್ರೆ ಹಕ್ಕುದಾರರಿಂದ, ಇಲ್ಲವೇ ಪಿಪಿಎಲ್, ಐಪಿಆರ್‌ಎಸ್‌ನಂಥ ಸಂಸ್ಥೆಗಳಿಂದ ಪರವಾನಗಿ ಪಡೆಯಬೇಕು. ಈ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.

ಯಾವಾಗ ಏನು?

15 ದಿನ ಮುಂಚೆ: ಜಾಗ ನೋಡಲು ಸೌಂಡ್‌ನವರನ್ನೇ ಕರೆದುಕೊಂಡು ಹೋಗಿ. ಅಳತೆ, ಕರೆಂಟಿನ ಪಾಯಿಂಟು, ಲಾರಿ ಬರುವ ದಾರಿ ನೋಡಿ. ಅನುಮತಿಗೆ ಅರ್ಜಿ ಹಾಕಿ. ಎಷ್ಟು ಮೈಕ್, ಎಷ್ಟು ಸ್ಪೀಕರ್, ಪರದೆಯ ಅಳತೆ, ಡೀಸೆಲ್ ಯಾರದು, ಆಪರೇಟರ್ ಎಷ್ಟು ಜನ, ಎಷ್ಟು ಗಂಟೆಗೆ ರೆಡಿ ಇರಬೇಕು, ಇಷ್ಟನ್ನೂ ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಹಾಕಿದ ಮೇಲೆ ಅಡ್ವಾನ್ಸ್ ಕೊಡಿ.

7 ದಿನ ಮುಂಚೆ: ಸಮಯದ ಪಟ್ಟಿ ಮಾಡಿ. ಯಾರು ಮಾತಾಡ್ತಾರೆ, ಯಾವ ಮೈಕ್, ಆಗ ಪರದೆ ಮೇಲೆ ಏನು, ಯಾವ ಹಾಡು ಅಂತ ಒಂದೊಂದು ಸಾಲು. ಪ್ರತಿ ನಿರೂಪಕರಿಗೆ, ಆಪರೇಟರ್‌ಗೆ ಕೊಡಿ. ಸನ್ಮಾನಿತರ ಹೆಸರನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ವರ್ಷಗಟ್ಟಲೆ ವ್ಯವಹಾರ ಮಾಡಿದ ರೈತನ ಹೆಸರು ಪರದೆ ಮೇಲೆ ತಪ್ಪಾದರೆ ಶಾಲು ಹೊದಿಸಿದ್ದು ವ್ಯರ್ಥ.

ಹಿಂದಿನ ದಿನ: ಎಲ್ಲ ಜೋಡಿಸಿ ಎಲ್ಲ ಫೈಲ್ ಒಮ್ಮೆ ಓಡಿಸಿ ನೋಡಿ. ಜನರೇಟರ್ ಮೇಲೆ ಪೂರ್ತಿ ಲೋಡ್ ಹಾಕಿ ಅರ್ಧ ಗಂಟೆ ನಡೆಸಿ.

ಅದೇ ದಿನ: ಜನ ಬರುವ ಒಂದು ಗಂಟೆ ಮುಂಚೆ ಒಬ್ಬರು ವೇದಿಕೆ ಮೇಲೆ ನಿಂತು ಪೇಪರ್ ಓದಲಿ. ನೀವು ಹೋಗಿ ಕೊನೆಯ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತುಕೊಳ್ಳಿ. ಪ್ರತಿ ಶಬ್ದ ಬಿಡಿಬಿಡಿಯಾಗಿ ಕೇಳಿಸಿದರೆ ಸರಿ. ಕೇಳಿಸದಿದ್ದರೆ ಸರಿಮಾಡಿಸೋಕೆ ಇನ್ನೂ ಒಂದು ಗಂಟೆ ಕೈಯಲ್ಲಿರುತ್ತೆ.